ಗ್ರಿಡ್ ಮೇಲೊಂದು ಕರಿ ಹದ್ದು

ಹೋದ ವಾರ ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಮಾಡಿದ ತಪ್ಪೇನು? ಆಕಾಶ ನೋಡಿದ್ದೆ.

(ನಗಬೇಡಿ. ನಾನೂ ಮೊದಲು ನಕ್ಕಿದ್ದೆ.)

ವಿಜಯಪುರದಿಂದ ಟಿಕೋಟಾ ದಾಟಿ ಕಳ್ಳಕವಟಗಿಯ ಕಡೆ ಬಸ್ಸಿನಲ್ಲಿ ಹೊರಟಿದ್ದೆ. ಅಲ್ಲಿ ನಮ್ಮ ದೊಡ್ಡಪ್ಪನ ಮಗಳು ಶಾಂತಕ್ಕನ ದ್ರಾಕ್ಷಿ ತೋಟವಿದೆ. "ಹಣ್ಣ ಬಂದಾವ, ಲಗೂ ಬಾರ ತಂಗಿ. ನೀ ಬರೂದ್ರಾಗ ಹಕ್ಕಿ ತಿಂದ ಮುಗಸ್ತಾವ" ಎಂದು ಫೋನಿನಲ್ಲಿ ಗದರಿಸಿದ್ದಳು.

ದಾರಿಯಲ್ಲಿ ಒಂದು ದೊಡ್ಡ ವಿದ್ಯುತ್ ಕೇಂದ್ರ ಸಿಗುತ್ತದೆ. ಸುತ್ತಲಿನವರಿಗೆಲ್ಲ ಅದು 'ಗ್ರಿಡ್'. ತಂತಿ ಬೇಲಿ, ಬಂದೂಕು ಹಿಡಿದ ಕಾವಲು, ಡ್ರೋನ್ ಹಾರಿಸುವುದು ಅಪರಾಧ ಎಂಬ ಬೋರ್ಡು. ಅದಿನ್ನೂ ಸ್ವಲ್ಪ ದೂರವಿರುವಾಗಲೇ ಬಸ್ಸು ನಿಂತುಬಿಟ್ಟಿತು. ಮುಂದೆ ಪೊಲೀಸ್ ಜೀಪು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆ ಹಣ್ಣಿನ ಕ್ರೇಟು ತುಂಬಿದ ಟಂಟಂ ರಿಕ್ಷಾಗಳ ಸಾಲು. ಎಲ್ಲೋ ಸೈರನ್ನು ಒಂದೇ ಸಮನೆ ಕೂಗುತ್ತಿತ್ತು.

ಕೇಂದ್ರದ ನೆತ್ತಿಯ ಮೇಲೆ ಏನೋ ಕಪ್ಪಗೆ ಇತ್ತು. ಗಾಳಿ ಇರಲಿಲ್ಲ. ಅದು ಮುಂದೆ ಹೋಗುತ್ತಿರಲಿಲ್ಲ, ಕೆಳಗೆ ಬೀಳುತ್ತಲೂ ಇರಲಿಲ್ಲ. ಸುಮ್ಮನೆ ನಿಂತಿತ್ತು.

"ಡ್ರೋನ್ ಐತ್ರೀ ಅದು!" ಎಂದ ಹಿಂದಿನ ಸೀಟಿನವನೊಬ್ಬ.

"ಡ್ರೋನಿಗೆ ಪಂಖಾ ಇರತಾವಲ್ಲೋ, ಇದಕ್ಕೆಲ್ಲಿ ಅದಾವ?" ಪಕ್ಕದ ಮುದುಕರಿಗೆ ಸಂಶಯ.

"ಈಗ ಪಂಖಾ ಇಲ್ಲದ್ದೂ ಬಂದಾವ ಕಾಕಾ. ಗಡಿ ದಾಟಿ ಬಂದೈತಿ ನೋಡ್ರಿ ಇದು."

"ಯಾವ ಗಡಿಲೇ? ಜತ್ತದ ಗಡಿಯೇನು?"

ಇಡೀ ಬಸ್ಸು ಗೊಳ್ಳೆಂದಿತು. ಜತ್ತ ಎಂದರೆ ಮಹಾರಾಷ್ಟ್ರ. ಇಲ್ಲಿನ ಅರ್ಧ ಮಂದಿಯ ಬೀಗರು ಇರುವುದೇ ಅಲ್ಲಿ. ನಗುತ್ತಲೇ ಎಲ್ಲರೂ ಮೊಬೈಲ್ ಎತ್ತಿ ವಿಡಿಯೊ ಮಾಡಿದರು. ನಾವು ಊರು ಮುಟ್ಟುವ ಮೊದಲೇ ಆ ವಿಡಿಯೊಗಳು ವಿಜಯಪುರ ಮುಟ್ಟಿದವು.

ನಾವು ಕೆಳಗಿಳಿಯುವಂತಿಲ್ಲ, ಬಸ್ಸು ತಿರುಗುವಂತಿಲ್ಲ. ಒಳಗಿನ ನೌಕರರನ್ನೆಲ್ಲ ಹೊರಗೆ ಕಳಿಸಿದರಂತೆ. ಬಾಂಬು ಪತ್ತೆ ಮಾಡುವವರನ್ನು ಕರೆಸಿದ್ದಾರಂತೆ. ಇವೆಲ್ಲ ಅಂತೆಗಳು. ಕಣ್ಣಿಗೆ ಕಂಡದ್ದು ಮಾತ್ರ ಬಿಸಿಲಲ್ಲಿ ನಿಂತು ಮೇಲೆ ನೋಡುತ್ತಿದ್ದ ಪೊಲೀಸರ ಕತ್ತುಗಳು.

ಆಗ ತೋಟದ ಕಡೆಯಿಂದ ಸ್ಕೂಟಿಯೊಂದು ಧೂಳೆಬ್ಬಿಸುತ್ತ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದವಳು ನಮ್ಮ ಶಾಂತಕ್ಕ! ಸೀದಾ ನಮ್ಮ ಬಸ್ಸಿನ ಮುಂದಿದ್ದ ಜೀಪಿನ ಹತ್ತಿರ ಹೋದಳು.

"ಸಾಹೇಬ್ರ, ಅದು ನಂದ್ರಿ. ನಮ್ಮ ತೋಟದ ಹದ್ದು. ದಾರ ಹರಕೊಂಡ ಬಂದೈತಿ."

ದ್ರಾಕ್ಷಿ ತೋಟ ನೋಡದವರಿಗೆ ಹದ್ದಿನ ವಿಷಯ ಹೇಳಬೇಕು. ಹಣ್ಣು ಸಿಹಿಯಾಗುವ ಹೊತ್ತಿಗೆ ಹಕ್ಕಿಗಳ ಹಿಂಡು ಬಂದೆರಗುತ್ತದೆ. ಬಲೆ ಕಟ್ಟುವವರು ಕಟ್ಟುತ್ತಾರೆ, ಡಬ್ಬಿ ಬಡಿಯುವವರು ಬಡಿಯುತ್ತಾರೆ. ಶಾಂತಕ್ಕನ ಕಡೆಯ ಕೆಲವರು ಕರಿಬಟ್ಟೆಯ ಹದ್ದು ಹಾರಿಸುತ್ತಾರೆ. ಹಳೇ ಛತ್ರಿಯ ಕಡ್ಡಿ, ಹಳೇ ಛತ್ರಿಯ ಬಟ್ಟೆ. ಗಾಳಿ ಬಿದ್ದರೂ ಹದ್ದು ಬೀಳಬಾರದೆಂದು ಅದರ ಬೆನ್ನಿಗೊಂದು ಗ್ಯಾಸ್ ಬಲೂನು. ಕೆಳಗೆ ನೈಲಾನ್ ದಾರ. ಮುಂಜಾನೆಯ ಗಾಳಿಗೆ ಆ ದಾರ ಹರಿದು, ಅದರ ತುದಿ ಗ್ರಿಡ್ಡಿನ ಬೇಲಿಗೆ ಸಿಕ್ಕಿಕೊಂಡಿತ್ತು. ಆಕಾಶದ ನಿಗೂಢ ವಸ್ತು ಎಂದರೆ ಇಷ್ಟೇ.

ಪೊಲೀಸರು ತಕ್ಷಣ ನಂಬಲಿಲ್ಲ. ಅದು ಸರಿ. ಕರೆಂಟಿನ ಕೇಂದ್ರದ ಮೇಲೆ ಗುರುತು ಸಿಗದ ವಸ್ತು ಬಂದರೆ ರಸ್ತೆ ಬಂದ್ ಮಾಡಲೇಬೇಕು. ಬಾಂಬಿನವರನ್ನೂ ಕರೆಸಬೇಕು. ನನ್ನ ಸಿಟ್ಟು ಅದಕ್ಕಲ್ಲ.

ಕೊನೆಗೆ ದಾರ ಎಳೆದು ಅದನ್ನು ಕೆಳಗಿಳಿಸಿದರು. ನೋಡಿದರು, ಮುಟ್ಟಿದರು, ಬಲೂನು ಚುಚ್ಚಿದರು. ಬಟ್ಟೆ, ಕಡ್ಡಿ, ದಾರ. ಕತೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ?

"ಇದನ್ನ ಮಾಡಿದವರು ಯಾರು?" ಎಂದರು ಸಾಹೇಬರು.

ಶಾಂತಕ್ಕನ ಮುಖ ಅರಳಿತು. ನಮ್ಮ ಕಡೆ ಹಾಗೆಯೇ. ಹೋಳಿಗೆ ಚೆನ್ನಾಗಿದೆ ಎಂದರೆ ಬೇಳೆ ಯಾರ ಹೊಲದ್ದು ಎಂದು ಹೇಳುತ್ತೇವೆ. ಕುಬಸ ಚೆನ್ನಾಗಿದೆ ಎಂದರೆ ಹೊಲಿದವರ ಮನೆಯ ದಾರಿಯನ್ನೇ ತೋರಿಸುತ್ತೇವೆ.

"ವಿಜಯಪುರದ ಗಾಂಧಿ ಚೌಕದಾಗ ನಮ್ಮ ದಸ್ತಗೀರ ಮಾಮಾ ಅದಾನಲ್ರಿ, ಛತ್ರಿ ರಿಪೇರಿ ಮಾಡಾಂವ. ಅವನ ಕೈದ್ರಿ ಇದು. ಅವನಂಗ ಹದ್ದ ಯಾರೂ ಮಾಡಂಗಿಲ್ರಿ!"

ಸಾಹೇಬರು ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದರು.

ನಾವು ಮನೆಗೆ ಹೋಗಿ ಹಣ್ಣು ತಿಂದೆವು. ಸಂಜೆಯೊಳಗೆ ಫೋನು ಬಂತು. ಗಾಂಧಿ ಚೌಕದ ಗದ್ದಲದ ನಡುವೆಯೇ ದಸ್ತಗೀರ ಮಾಮಾನನ್ನು ಜೀಪು ಹತ್ತಿಸಿದ್ದರು. ಪಕ್ಕದ ಅಂಗಡಿಯವರು, ಗಿರಾಕಿಗಳು, ಆಟೋದವರು ಎಲ್ಲರೂ ನೋಡುತ್ತಿದ್ದರಂತೆ.

ಶಾಂತಕ್ಕ ಕೈಯಲ್ಲಿದ್ದ ಗೊನೆ ಕೆಳಗಿಟ್ಟಳು. "ಯವ್ವಾ, ನಾ ಹೊಗಳಿದೆನಲ್ಲ ತಂಗಿ. ನಾ ಬೈದಿಲ್ಲ, ಹೊಗಳಿದೆ" ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದೆವು. ನಾನು ಕಣ್ಣಾರೆ ಕಂಡ ಸಾಕ್ಷಿ, ಮೇಲಾಗಿ ಯುನಿವರ್ಸಿಟಿ ಕಲಿತವಳು. ನನ್ನ ಮಾತಿಗೆ ತೂಕವಿದೆ ಎಂಬ ಜಂಬವೂ ಇತ್ತೆನ್ನಿ.

"ಮೇಡಂ, ನೀವು ಕಲತಾವ್ರು. ಏನ್ ನೋಡಿದ್ರಿ, ಅಷ್ಟ ಹೇಳ್ರಿ" ಎಂದರು ಸಾಹೇಬರು.

"ಕರೀ ಬಟ್ಟೆ ಸರ್. ಅಷ್ಟೇ."

"ಹೊಳೀತಿತ್ತೇನು?"

"ಇಲ್ಲ."

"ಖಾತ್ರಿ?"

"ಖಾತ್ರಿ."

ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ಬಸ್ಸಿನಲ್ಲಿ ಯಾರೋ ಮಾಡಿದ ವಿಡಿಯೊ. ಅದರಲ್ಲಿ ಆ ಕಪ್ಪು ಆಕಾರ ಪಳಕ್ ಪಳಕ್ ಎಂದು ಹೊಳೆಯುತ್ತಿತ್ತು.

"ಇದೇನ್ರಿ ಮತ್ತ? ಅವನ್ನ ಉಳಸಾಕ ಬಂದೀರೇನು?"

ನಾನು ಸುಳ್ಳು ಹೇಳಿರಲಿಲ್ಲ. ಆದರೆ ಹೇಳಿದ್ದು ನಿಜವೂ ಆಗಿರಲಿಲ್ಲ. ಒಂದೇ ರಾತ್ರಿಯಲ್ಲಿ ನನ್ನ ನೆನಪು ಆ ಹೊಳಪನ್ನು ಒರೆಸಿ ಹಾಕಿತ್ತು. ಪಾಪದ ಮನುಷ್ಯನನ್ನು ಬಿಡಿಸಬೇಕು ಎಂಬ ಆಸೆಯೇ ಒರೆಸಿತೇ? ಅಥವಾ ನಾನು ಕೂತ ಕಿಟಕಿಯಿಂದ ಕಾಣಲಿಲ್ಲವೇ? ಈಗ ಕಣ್ಣು ಮುಚ್ಚಿದರೆ ಅದು ಚೆನ್ನಾಗಿಯೇ ಹೊಳೆಯುತ್ತದೆ. ಅದು ನಾನು ಕಂಡದ್ದೋ, ಮೊಬೈಲು ತೋರಿಸಿದ್ದೋ, ಬೇರೆ ಮಾಡಲಾರೆ.

ಶಾಂತಕ್ಕ ನಡುವೆ ಬಾಯಿ ಹಾಕಿದಳು. "ಅಯ್ಯ, ಸೀಡಿ ರೀ ಅವು! ಬಿಸಲಿಗೆ ಹೊಳದು ಹಕ್ಕಿ ಓಡ್ಲಿ ಅಂತ ನಾನ ಕಟ್ಟೇನಿ. ನಮ್ಮ ಮಗಳ ಮದುವಿ ಸೀಡಿ. ನೀವು ಕೆಳಗ ಎಳಿಯುವಾಗ ಬೇಲಿ ಬುಡಕ ಉದುರ್ಯಾವ. ಬೇಕಾದ್ರ ಹಚ್ಚಿ ನೋಡ್ರಿ, ನಮ್ಮ ಬೀಗರೆಲ್ಲ ಕಾಣ್ತಾರ!"

ಬಾಗಿಲಲ್ಲಿದ್ದ ಪೇದೆ ನಗು ತಡೆಯಲು ಕೆಮ್ಮಿದ. ಸಾಹೇಬರು ನಗಲಿಲ್ಲ.

"ಸಾಹೇಬ್ರ, ಹಾರಿಸಿದಾಕಿ ನಾನು. ದಾರ ಕಟ್ಟಿದಾಕಿ ನಾನು. ಗಟ್ಟಿ ಕಟ್ಟಲಿಲ್ಲ, ತಪ್ಪು ನಂದು. ಒಳಗ ಹಾಕೂದಿದ್ರ ನನ್ನ ಹಾಕ್ರಿ."

"ನೀವ್ಯಾಕ ಅಕ್ಕಾರ? ಕುಂಡ್ರಿ. ಏ, ಇವರಿಗೆ ಚಹಾ ಹೇಳೋ."

ಚಹಾ ಬಂತು. ಹಾರಿಸಿದವಳಿಗೆ ಕುರ್ಚಿ, ಕಪ್ಪು-ಸಾಸರು. ಹೊಲಿದವನು ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದ. ತೆರೆದ ಬಾಗಿಲಿನಿಂದ ಅವನ ಬಿಳಿ ಗಡ್ಡ ಕಾಣುತ್ತಿತ್ತು. ಅವನಿಗೆ ಕೇಳುತ್ತಿದ್ದ ಪ್ರಶ್ನೆಗಳೂ ಕೇಳಿಸುತ್ತಿದ್ದವು. ಹೊರಗಿನವರು ಯಾರಾದರೂ ಬಂದಿದ್ದರೇ? ಯಾರ ಯಾರಿಗೆ ಫೋನು ಮಾಡುತ್ತೀ? ಗ್ರಿಡ್ ಕಡೆ ಹೋಗಿದ್ದು ಯಾಕೆ?

"ನಾ ಟಿಕೋಟಾ ನೋಡೇ ವರ್ಷಾನುಗಟ್ಟಲೆ ಆತ್ರಿ ಸಾಹೇಬ್" ಎಂದಿತು ಒಳಗಿನ ಧ್ವನಿ. "ಮೊಣಕಾಲ ನೋವು. ಮನಿ, ಅಂಗಡಿ, ನಮಾಜು, ಇಷ್ಟ ನಂದು."

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಬಟ್ಟೆಯನ್ನು ಬಿಚ್ಚಿ ನೋಡಿದ ಮೇಲೂ, ಒಡತಿ ಎದುರಿಗೆ ಕೂತು ನನ್ನದು ಎಂದ ಮೇಲೂ, ಇನ್ನೇನು ಹುಡುಕುತ್ತಿದ್ದಾರೆ ಇವರು? ಚಾಕು ಮಾರಿದವನನ್ನು ಹಿಡಿಯುವುದು ಬೇರೆ, ಇದು ಚಾಕುವೂ ಅಲ್ಲ, ಛತ್ರಿಯ ಬಟ್ಟೆ! ದಾರ ಬಿಗಿಯಾಗಿ ಕಟ್ಟದ್ದು ತಪ್ಪೆಂದರೆ ಅದು ಶಾಂತಕ್ಕನ ತಪ್ಪು. ಆ ತಪ್ಪಿಗೆ ಎಚ್ಚರಿಕೆ ಕೊಡಿ, ದಂಡ ಹಾಕಿ. ಹೊಲಿಗೆಗೆ ಯಾವ ಶಿಕ್ಷೆ?

ಮೇಲಿದ್ದದ್ದು ಏನೆಂದು ತಿಳಿಯಲು ಅವರಿಗೆ ಅರ್ಧ ದಿನ ಬೇಕಾಯಿತು. ಕೆಳಗಿದ್ದವನು ಎಂಥವನೆಂದು ತೀರ್ಮಾನಿಸಲು ಹೆಸರೊಂದೇ ಸಾಕಾಯಿತು. ನನಗೆ ನನ್ನ ಕಣ್ಣಿನ ಮೇಲೇ ಇಷ್ಟು ಅನುಮಾನ. ಅವರಿಗೆ ಒಂದು ಹೆಸರಿನ ಮೇಲೆ ಅಷ್ಟೊಂದು ಖಾತ್ರಿ ಎಲ್ಲಿಂದ ಬಂತು?

(ಸಾಹೇಬರೂ ಮೇಲಿನವರ ಒತ್ತಡದಲ್ಲಿದ್ದರು ಎಂದು ಆಮೇಲೆ ಒಬ್ಬರು ನನಗೆ ಬುದ್ಧಿ ಹೇಳಿದರು. ಇರಬಹುದು. ಒತ್ತಡ ಯಾವಾಗಲೂ ಒಂದೇ ಕಡೆಯವರ ಮೇಲೆ ಇಳಿಯುತ್ತದೆ ಯಾಕೆ?)

ಮಧ್ಯಾಹ್ನ ಬಿಟ್ಟರು. ತಪ್ಪಾಯಿತು ಎನ್ನಲಿಲ್ಲ. ಬಾಗಿಲು ತೆರೆದು, "ಹೋಗು" ಎಂದರು.

ಮಾಮಾ ಹೊರಗೆ ಬಂದ. ಶಾಂತಕ್ಕ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ. "ಏ ಹುಚ್ಚಿ, ಏಳು. ಹದ್ದಿನ ರೆಕ್ಕಿ ಮುರದೈತೇನು? ತಂದ ಕೊಡು, ಕೂಡಿಸಿ ಕೊಡತೀನಿ" ಎಂದ. ನಗಿಸಲು ನೋಡಿದ. ನಮಗೆ ನಗು ಬರಲಿಲ್ಲ.

ಠಾಣೆ ಅವನನ್ನು ಬಿಟ್ಟಿತು. ವಾಟ್ಸಾಪ್ ಬಿಡಲಿಲ್ಲ. ಜೀಪು ಹತ್ತುತ್ತಿರುವ ಅವನ ಫೋಟೊ, ಕೆಳಗೆ 'ಡ್ರೋನ್ ಜಾಲ ಪತ್ತೆ' ಎಂಬ ಅಕ್ಷರ. ನನಗೇ ಐದಾರು ಗುಂಪುಗಳಿಂದ ಬಂತು. ಕಳಿಸಿದವರಲ್ಲಿ ನಮ್ಮ ಬಂಧುಗಳಿದ್ದರು, ನನ್ನ ಜೊತೆ ಓದಿದವರಿದ್ದರು. ಅದು ಛತ್ರಿ ಬಟ್ಟೆ ಎಂದು ಎಲ್ಲರಿಗೂ ಬರೆದೆ. ಒಬ್ಬರು ಕೈ ಜೋಡಿಸಿದ ಚಿತ್ರ ಕಳಿಸಿದರು. ಫೋಟೊ ಮಾತ್ರ ಯಾರೂ ಅಳಿಸಲಿಲ್ಲ.

ಮೊನ್ನೆ ಗಾಂಧಿ ಚೌಕಕ್ಕೆ ಹೋದಾಗ ಅವನ ಅಂಗಡಿಗೆ ಹೋದೆ. ಅಂಗಡಿ ಎಂದರೆ ಗೋಡೆಗೆ ಆತುಕೊಂಡ ಒಂದು ಪೆಟ್ಟಿಗೆ, ಮೇಲೊಂದು ತಾಡಪತ್ರಿ. ನಿಡೋಣಿಯ ರೈತನೊಬ್ಬ ಹದ್ದು ಒಯ್ಯಲು ಬಂದು ನಿಂತಿದ್ದ. ಹದ್ದು ಸಿದ್ಧವಾಗಿತ್ತು. ಮಾಮಾ ಬಿಳಿ ಬಣ್ಣದ ಡಬ್ಬಿ ತೆರೆದು ಬ್ರಷ್ ಅದ್ದಿದ.

"ಇದೇನು ಮಾಮಾ?" ಎಂದೆ.

"ಈಗ ಹಿಂಗ ಮಾಡಾಕತ್ತೇನಿ ಬೇಟಿ. ಯಾರು ಒಯ್ತಾರ, ರೆಕ್ಕಿ ಮ್ಯಾಲ ಅವರ ಹೆಸರು. ದೊಡ್ಡದಾಗಿ. ಮುಂದ ಎಲ್ಲ್ಯರೆ ಹೋಗಿ ಬಿದ್ರ ಯಾರದು ಅಂತ ತಿಳೀಬೇಕಲ್ಲ." ರೈತನ ಕಡೆ ತಿರುಗಿದ. "ಹೇಳ್ರಿ ಗೌಡ್ರ, ಏನಂತ ಬರೀಲಿ?"

ರೈತ ಥಟ್ಟನೆ ಹದ್ದನ್ನು ತನ್ನ ಕಡೆ ಎಳೆದುಕೊಂಡ.

"ಏ ಮಾಮಾ, ಬ್ಯಾಡ ಬ್ಯಾಡ. ನಾಳೆ ಏನರೆ ಆತಂದ್ರ? ನನ್ನ ಹೆಸರು ಯಾಕ ಬೇಕು ಅದರಾಗ?"

ಹಾಗಾದರೆ ಆ ರೆಕ್ಕೆಯ ಮೇಲೆ ಯಾರ ಹೆಸರು ಬರೆಯಬೇಕು, ನೀವೇ ಹೇಳಿ?