ವಂಶದ ಪುಸ್ತಕದಲ್ಲಿ ಇಲ್ಲದವಳ ಕಿಡ್ನಿ

ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯಲ್ಲಿ ಫೋನು ಕೋಳಿಯ ಹಾಗೆ ಕೂಗುತ್ತದೆ. ಅದು ಮೊಮ್ಮಗಳು ಹರ್ಷಿತ ಮಾತ್ರೆ ನುಂಗುವ ಹೊತ್ತು. ಫೋನು ಕೂಗಿದ ಕೂಡಲೇ ಪಕ್ಕದ ಮನೆಯ ಹುಂಜ ಹಿತ್ತಲ ಗೋಡೆ ಹತ್ತಿ ಜಗಳಕ್ಕೆ ಬರುತ್ತದೆ. ಎರಡು ವರ್ಷವಾಯಿತು, ಎದುರಾಳಿಯ ಮುಖ ಅದು ಇನ್ನೂ ಕಂಡಿಲ್ಲ. ಮಾತ್ರೆಯ ಹಾಳೆ ಹರಿದಾಗ ಒಂದು ವಾಸನೆ ಬರುತ್ತದೆ, ಸೀಮೆಸುಣ್ಣಕ್ಕೂ ಸ್ಪಿರಿಟ್ಟಿಗೂ ನಡುವಿನದು. ಅದು ಮೂಗಿಗೆ ಬಿದ್ದರೆ ನನ್ನ ಎಡ ಪಕ್ಕೆಯ ಹೊಲಿಗೆ ಕೆರೆಯುತ್ತದೆ. ಆ ಪಕ್ಕೆಯಲ್ಲಿದ್ದ ಕಿಡ್ನಿ ಈಗ ಹರ್ಷಿತಳ ಹೊಟ್ಟೆಯಲ್ಲಿದೆ. ಅದು ಅಲ್ಲಿಗೆ ಹೋದ ದಾರಿ ನೆಟ್ಟಗಿರಲಿಲ್ಲ. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ನನಗಿದೆ.

ಮೊದಲು ಸಂಬಂಧ ತಿಳಿದುಕೊಳ್ಳಿ. ಹರ್ಷಿತ ನನ್ನ ಮಗಳು ಗಿರಿಜಳ ಮಗಳು. ಗಿರಿಜಳ ಗಂಡ ತಿಮ್ಮೇಗೌಡ ನನ್ನ ಒಡಹುಟ್ಟಿದ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಈ ಮದುವೆ ಮಾಡಿಸಿದವಳು ನಾನೇ. ಗಿರಿಜ ಬೇಲೂರಿನಲ್ಲಿ ಪಿಯುಸಿ ಓದುತ್ತಿದ್ದಳು, ಇನ್ನೂ ಓದುತ್ತೇನೆಂದು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಉಂಡಳು, ನಾಲ್ಕನೆಯ ವಾರ ಧಾರೆಯಾಯಿತು. ನನ್ನ ಗಂಡ ತೀರಿಕೊಂಡ ಮೇಲೆ ಹಾರನಹಳ್ಳಿ ಬಿಟ್ಟು ಹುಲಿಕೆರೆಯ ತವರಿಗೆ ಬಂದೆ. ಹೀಗೆ ಹುಟ್ಟಿದ ಮನೆಯಲ್ಲೇ ಅತ್ತೆಯಾಗಿ ಕೂತಿದ್ದೇನೆ. ಹಬ್ಬ ಬಂದರೆ ಅಳಿಯನಿಗೆಂದು ತಮ್ಮನಿಗೆ ಪಂಚೆ ಕೊಡುತ್ತೇನೆ. ತವರಿನ ಸೀರೆ ಎಂದು ಅಳಿಯನ ಕೈಯಿಂದ ಇಸಕೊಳ್ಳುತ್ತೇನೆ. ಎರಡೂ ಒಂದೇ ಬೀರುವಿನಿಂದ ಬರುತ್ತವೆ.

ಹರ್ಷಿತಳಿಗೆ ಏಳೆಂಟು ವರ್ಷವಿದ್ದಾಗ ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದಳು. ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಮುಂದೆ ಕೂತು ಹರಳುಪ್ಪು ನೆಕ್ಕುತ್ತಿದ್ದಳು. ನಮ್ಮ ಮನೆ ಮಕ್ಕಳ ದಾಹವೇ ಹಾಗೆ ಎಂದು ನಾವು ಬಂದವರ ಮುಂದೆ ಹೇಳಿ ಬೀಗುತ್ತಿದ್ದೆವು. ಮೂರು ವರ್ಷ ಒಂದೇ ಯೂನಿಫಾರಂ ಆಯಿತು. ಮಗು ಬೆಳೆಯುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಬಟ್ಟೆ ಒಳ್ಳೆಯದು ಎಂದು ಅಂಗಡಿಯವನನ್ನು ಹೊಗಳಿದೆವು. ಕೊನೆಗೆ ಒಂದು ದಿನ ಶಾಲೆಯ ಪ್ರಾರ್ಥನೆಯಲ್ಲಿ ಬಿಳಿಚಿಕೊಂಡು ಬಿದ್ದಳು. ಹಳೇಬೀಡಿನ ಡಾಕ್ಟರು ಹಾಸನಕ್ಕೆ ಬರೆದರು, ಹಾಸನದವರು ಬೆಂಗಳೂರಿಗೆ ಬರೆದರು. ಅಲ್ಲಿ, ಎರಡು ಕಿಡ್ನಿಯೂ ಒಣಗಿ ಕುಗ್ಗಿವೆ, ಇನ್ನು ವಾರಕ್ಕೆ ಮೂರು ದಿನ ಯಂತ್ರದಲ್ಲಿ ರಕ್ತ ತೊಳೆಯಬೇಕು, ಉಳಿಯಬೇಕೆಂದರೆ ಬೇರೆಯವರ ಕಿಡ್ನಿ ಹಾಕಬೇಕು ಎಂದರು.

ಅಲ್ಲೊಬ್ಬಳು ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದಳು. ಮಕ್ಕಳಿಗೆ ವಂಶದಿಂದ ಬರುವ ಕಿಡ್ನಿ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತ ಹೋದಳು. ಗಿರಿಜಳ ಮದುವೆಗೆ ಎರಡು ಗೆರೆ ಎಳೆದಳು.

"ಎರಡು ಗೆರೆ ಯಾಕವ್ವ?" ಎಂದೆ.

"ರಕ್ತಸಂಬಂಧದಲ್ಲಿ ಮದುವೆ ಆದ್ರೆ ಎರಡು ಗೆರೆ ಅಜ್ಜಿ."

"ಹಂಗಾದ್ರೆ ನಮ್ಮಪ್ಪ ಅವ್ವಂಗೂ ಎರಡು ಎಳಿ. ನಮ್ಮಜ್ಜಂಗೂ ಎಳಿ."

ಅವಳು ಎಳೆದು ಮುಗಿಸುವ ಹೊತ್ತಿಗೆ ಹಾಳೆ ಅರಸೀಕೆರೆ ಜಂಕ್ಷನ್ನಿನ ಹಾಗೆ ಕಾಣುತ್ತಿತ್ತು, ಬರೀ ಕಂಬಿ. ಆಮೇಲೆ ಕೇಳಿದಳು: ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳಿದ್ದಾರಾ? ನನ್ನ ತಂಗಿ ರತ್ನಿ ಒಂಬತ್ತನೇ ವಯಸ್ಸಿಗೆ ಹುಲಿಕೆರೆ ಕೊಳಕ್ಕೆ ಬಿದ್ದು ಹೋದಳು ಎಂದೆ. ಐವತ್ತು ವರ್ಷದಿಂದ ಹೇಳುತ್ತ ಬಂದ ಮಾತು. ಬಾಯಿ ತೆರೆದರೆ ತಾನೇ ಬರುತ್ತಿತ್ತು. ಡಾಕ್ಟರಮ್ಮ ಒಂದು ಸೊನ್ನೆಗೆ ಅಡ್ಡಗೆರೆ ಹಾಕಿ ಪಕ್ಕದಲ್ಲಿ ಏನೋ ಬರೆದುಕೊಂಡಳು.

"ನಿಮ್ಮಲ್ಲೇ ಯಾರಾದ್ರೂ ಕಿಡ್ನಿ ಕೊಡಬಹುದು," ಎಂದಳು. "ಆದ್ರೆ ಇದು ಮಕ್ಕಳನ್ನ ಮಾತ್ರ ಹಿಡಿಯೋ ಕಾಯಿಲೆನಾ, ದೊಡ್ಡವರಾದ ಮೇಲೂ ಹಿಡಿಯುತ್ತಾ ಅಂತ ತಿಳೀದೆ ನಿಮ್ಮನ್ನ ಮುಟ್ಟೋ ಹಾಗಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದ್ದೀನಿ. ಅಷ್ಟರಲ್ಲಿ ನಿಮ್ಮ ಹಿರೀಕರು ಯಾರ್ಯಾರು ಹೇಗೆ ಹೋದ್ರು ಅಂತ ಗೊತ್ತಿರೋರನ್ನ ಕೇಳ್ಕೊಂಡು ಬನ್ನಿ."

ತಿಮ್ಮ ಕೇಳಿಕೊಂಡು ಬರಲಿಲ್ಲ. ಗೊತ್ತಿರುವವನನ್ನೇ ಕರೆದುಕೊಂಡು ಬಂದ.

ಹೆಳವ ಗೊತ್ತಲ್ಲ? ಒಕ್ಕಲು ಮನೆಗಳ ವಂಶದ ಹೆಸರುಗಳನ್ನು ಪುಸ್ತಕದಲ್ಲಿ ಇಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ಹಾಡಿ ಹೇಳಿ, ಮೊರದ ತುಂಬ ರಾಗಿ ಪಡೆದು ಹೋಗುವವನು. ನಮ್ಮ ಹೆಳವನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೊಪೆಡ್ ಮೇಲೆ ಬರುತ್ತಾನೆ, ಎತ್ತಿನ ಗಂಟೆಯನ್ನು ಹ್ಯಾಂಡಲಿಗೆ ಕಟ್ಟಿಕೊಂಡು. ಅವತ್ತು ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದು, ಕೆಂಪು ರುಮಾಲು ಸುತ್ತಿ ಬಸ್ಸಿನಲ್ಲಿ ಬಂದಿದ್ದ. ತಿಮ್ಮನ ತೊಡೆಯ ಮೇಲೆ ರಾಗಿ ತುಂಬಿದ ಮೊರ. ರಾಗಿ ಇಡದೆ ಪುಸ್ತಕ ಬಿಚ್ಚುವಂತಿಲ್ಲವಂತೆ. ಆಸ್ಪತ್ರೆ ಬಾಗಿಲಲ್ಲಿ ಕಾವಲಿನವನು ತಡೆದ.

"ಇಲ್ಲಿ ಕಣಿ ಹೇಳೋ ಹಾಗಿಲ್ಲ."

"ಕಣಿ ಅಲ್ಲ ಸ್ವಾಮಿ, ದಾಖಲೆ," ಎಂದ ಹೆಳವ.

ಡಾಕ್ಟರಮ್ಮ ತಾನೇ ಬಂದು ಒಳಗೆ ಬಿಟ್ಟುಕೊಂಡಳು. ಹೆಸರು, ವಯಸ್ಸು, ಸಾವಿನ ಕಾರಣ ಅಷ್ಟು ಸಾಕು ಎಂದಳು.

"ಸಾವು ಬೇಕು ಅಂದ್ರೆ ಹುಟ್ಟಿಂದ ಬರಬೇಕು ತಾಯಿ. ಮಧ್ಯದಿಂದ ನಂಗೆ ಬಾಯಿ ಬರಲ್ಲ."

ಗಂಟೆ ಬಾರಿಸಿ ಶುರುಮಾಡಿದ. ಹೊರಗೆ ಚೀಟಿ ಹಿಡಿದು ಕೂತಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಅವನ ಹಾಡಿನಲ್ಲಿ ನಮ್ಮ ಹಿರೀಕರು ಒಬ್ಬರೂ ಸುಮ್ಮನೆ ಸತ್ತಿಲ್ಲ. ಒಬ್ಬ ಹುಲಿಯ ದವಡೆ ಮುರಿದು ಸತ್ತ. ಒಬ್ಬ ಬೀಸುಕಲ್ಲು ಹೊತ್ತು ಬೇಲೂರಿಗೆ ನಡೆದು, ಇಳಿಸದೆ ಸತ್ತ. ಭೇದಿಯಿಂದ ಹೋದವನು ಒಬ್ಬನೂ ಇಲ್ಲ. ಡಾಕ್ಟರಮ್ಮ ಮೊದಮೊದಲು ಬರೆದುಕೊಂಡಳು, ಆಮೇಲೆ ಪೆನ್ನಿನ ಮುಚ್ಚಳ ಹಾಕಿದಳು. ಹೆಳವ ನನ್ನ ಅಜ್ಜನ ಅಣ್ಣ ಬಾಲವೀರ ರಂಗನ ಹತ್ತಿರ ಬಂದ. ಅವನು ಕೊಳಕ್ಕೆ ಬಾಯಿ ಹಚ್ಚಿದರೆ ಏಳು ಮೆಟ್ಟಿಲು ನೀರು ಇಳಿಯುತ್ತಿತ್ತು, ಉಪ್ಪಿನ ಗಡಿಗೆ ಬರಿದು ಮಾಡುತ್ತಿದ್ದ, ಹನ್ನೊಂದನೇ ವಯಸ್ಸಿಗೆ ಶಿವನ ಪಾದ ಸೇರಿದ.

ಡಾಕ್ಟರಮ್ಮನ ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು. "ನಿಲ್ಲಿಸಿ, ನಿಲ್ಲಿಸಿ. ಉಪ್ಪು ತಿಂತಿದ್ನಾ? ಎತ್ತರ ಎಷ್ಟಿದ್ದ?"

"ವೀರರನ್ನ ಅಳತೆ ಮಾಡಲ್ಲ ತಾಯಿ," ಎಂದ ಹೆಳವ, ಮುಖ ಗಂಟಿಕ್ಕಿಕೊಂಡು.

ಅವಳು ನನ್ನ ಕಡೆ ತಿರುಗಿದಳು. "ಅಜ್ಜಿ, ಈ ಥರ ನಿಮ್ಮನೇಲಿ ಇನ್ಯಾರಾದ್ರೂ ಇದ್ರಾ?"

ಹರ್ಷಿತ ಅವಳಮ್ಮನಿಗೆ ಒರಗಿ ಕೂತಿದ್ದಳು. ಕುತ್ತಿಗೆಯಲ್ಲಿ ಯಂತ್ರದ ನಳಿಕೆ, ಮೇಲೆ ಬಿಳಿ ಪಟ್ಟಿ. ಹೆಳವನ ಗಂಟೆಯನ್ನೇ ನೋಡುತ್ತಿದ್ದಳು.

"ರತ್ನಿ ಕೊಳಕ್ಕೆ ಬೀಳ್ಲಿಲ್ಲ," ಎಂದೆ.

ಅವಳೂ ನೀರು ಕುಡಿಯುತ್ತಿದ್ದಳು, ಉಪ್ಪು ನೆಕ್ಕುತ್ತಿದ್ದಳು. ಕೊನೆಗೆ ಉಚ್ಚೆ ಕಟ್ಟಿತು, ಮೈ ಊದಿತು, ನಡುಮನೆಯಲ್ಲಿ ಚಾಪೆಯ ಮೇಲೆ ಸತ್ತಳು. ನನಗೆ ಹನ್ನೊಂದು ವರ್ಷ. "ಮನೇಲಿ ಕಾಯಿಲೆ ಐತೆ ಅಂದ್ರೆ ನಿನ್ನ ಯಾರೂ ಮಾಡ್ಕಳಲ್ಲ ಕಣೇ, ಕೊಳಕ್ಕೆ ಬಿದ್ಲು ಅನ್ನು," ಎಂದಳು ಅವ್ವ. ಅಂದೆ.

ತಿಮ್ಮ ಆಗಿನ್ನೂ ಹುಟ್ಟಿರಲಿಲ್ಲ. ಈಗ ಎದ್ದು ನಿಂತ. "ಅಕ್ಕ, ಪ್ರತಿ ವರ್ಷ ರತ್ನಕ್ಕನ ಹೆಸರಲ್ಲಿ ಆ ಕೊಳಕ್ಕೆ ಬಾಗಿನ ಬಿಡ್ತಿದ್ನಲ್ಲೇ! ಒಂದ್ಸಲ ಜಾರಿ ಬಿದ್ದು ಕಾಲು ಮುರ್ಕಂಡೆ!"

"ಈಜು ಬರ್ದಿದ್ದೋನು ಕೊನೆ ಮೆಟ್ಲಿಗೆ ಯಾಕೋ ಇಳಿದೆ?" ಎಂದೆ.

ಬಾಗಿಲಲ್ಲಿದ್ದವರು ನಕ್ಕರು. ಗಿರಿಜ ನಗಲಿಲ್ಲ. "ಇದೆಲ್ಲ ಗೊತ್ತಿದ್ದೂ ನನ್ನ ಮಾವಂಗೆ ಕೊಟ್ಯೇನವ್ವ?" ಎಂದಳು.

ಕಾಯಿಲೆ ವಂಶದಲ್ಲಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಚ್ಚಿಟ್ಟಿದ್ದೇವೆ ಎಂದು ಗೊತ್ತಿತ್ತು. ಎರಡನ್ನೂ ಹೇಳಿದೆ. ಅವತ್ತಿನಿಂದ ಗಿರಿಜ ಊಟ, ಮಾತ್ರೆ, ಬಸ್ಸಿನ ಹೊತ್ತು ಬಿಟ್ಟು ನನ್ನ ಹತ್ತಿರ ಬೇರೆ ಮಾತಾಡಲಿಲ್ಲ.

ರಕ್ತದ ವರದಿಯೂ ಅದನ್ನೇ ಹೇಳಿತು. ಕೆಟ್ಟದ್ದು ಒಂದು ಕಡೆಯಿಂದ ಬಂದರೆ ಏನೂ ಆಗದು, ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಗುವನ್ನು ಹಿಡಿಯುತ್ತದೆ. ದೊಡ್ಡವರ ಕಿಡ್ನಿ ತಪಾಸಣೆ ಮಾಡಿ ತೆಗೆಯಬಹುದು. ತಿಮ್ಮನಿಗೆ ಸಕ್ಕರೆ ಕಾಯಿಲೆ, ಗಿರಿಜಳಿಗೆ ರಕ್ತದೊತ್ತಡ. ನನಗೆ ಏನೂ ಇರಲಿಲ್ಲ. ಅರವತ್ತೊಂದು ವರ್ಷಕ್ಕೆ ಇಂಥ ಕಿಡ್ನಿ ನೋಡಿಲ್ಲ ಎಂದರು. ಯಾರೂ ನನ್ನನ್ನು ಅಷ್ಟು ಹೊಗಳಿದ್ದೇ ಇಲ್ಲ.

ಆಮೇಲೆ ಸಮಿತಿ. ಮೂರು ಜನ ಕೂತು, ಕೊಡುವವಳು ನಿಜವಾಗಿ ನೆಂಟಳೋ ಎಂದು ಕೇಳುತ್ತಾರೆ. ಮಗುವಿಗೆ ನೀವೇನಾಗಬೇಕು ಎಂದರು. ತಾಯಿ ಕಡೆಯಿಂದ ಅಜ್ಜಿ, ತಂದೆ ಕಡೆಯಿಂದ ಅತ್ತೆ ಎಂದೆ. ಯಾವುದಾದರೂ ಒಂದು ಹೇಳಿ ಎಂದರು. ಆಗ ತಿಮ್ಮ ದೊಡ್ಡ ಸಾಕ್ಷಿ ಎಂದುಕೊಂಡು ಹೆಳವನ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಅವರಲ್ಲೊಬ್ಬರು ಬೆರಳಿಟ್ಟು ಓದಿದರು.

"ಇದರ ಪ್ರಕಾರ ತಿಮ್ಮೇಗೌಡ್ರಿಗೆ ಅಕ್ಕನೇ ಇಲ್ವಲ್ರೀ?"

"ಹೆಣ್ಮಕ್ಕಳನ್ನ ಬರೆಯೋ ಪದ್ಧತಿ ಇಲ್ಲ ಸ್ವಾಮಿ," ಎಂದ ತಿಮ್ಮನ ಜೊತೆ ಬಂದಿದ್ದ ಹೆಳವ.

ಕಡತ ನಿಂತಿತು. ಎರಡು ವಾರ. ಆ ಎರಡು ವಾರದಲ್ಲಿ ಹರ್ಷಿತಳ ನಳಿಕೆಗೆ ಕೀವಾಗಿ ಜ್ವರ ಏರಿತು. ನಾವು ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತ ಕೂತೆವು. ನಾನು ಹುಟ್ಟಿದ್ದಕ್ಕೆ ಕಾಗದ ಬೇಕಿತ್ತು. ಕೊನೆಗೆ ಊರ ಶಾಲೆಯ ಹೆಡ್‌ಮೇಷ್ಟ್ರು ಹಳೆಯ ದಾಖಲಾತಿ ಪುಸ್ತಕ ಹುಡುಕಿ ತೆಗೆದರು. ನನ್ನ ಹೆಸರು, ಅಪ್ಪನ ಹೆಸರು, ಮೂರನೇ ತರಗತಿ, ನಪಾಸು. ನಾನು ನಪಾಸಾದ ಕಾಗದ ನೋಡಿ ಸಮಿತಿಯವರು ಒಪ್ಪಿಗೆ ಹಾಕಿದರು. ಆ ವರ್ಷ ಹೊಡೆದ ಮೇಷ್ಟ್ರು ಇದ್ದಿದ್ದರೆ ತೋರಿಸುತ್ತಿದ್ದೆ.

ಕುಯ್ದ ಮೇಲೆ ನನಗೆ ಎಚ್ಚರವಾದಾಗ ಮೊದಲು ಕೇಳಿದ್ದು, "ಉಚ್ಚೆ ಬಂತಾ?"

"ನಿಮಗಾ ಅಜ್ಜಿ?" ಎಂದಳು ನರ್ಸು.

"ನಂದ್ಯಾರಿಗ್ಬೇಕು? ಮಗೀಗೆ!"

ಕುಯ್ಯುವ ಮೇಜಿನ ಮೇಲೆ ನನ್ನ ಕಿಡ್ನಿ ಅವಳಿಗೆ ಕೂಡಿಸುವಾಗಲೇ ಬಂತಂತೆ. ಹೊರಗೆ ಬಂದು ಡಾಕ್ಟರಮ್ಮ ಇಷ್ಟು ಲೀಟರು ಎಂದಾಗ ತಿಮ್ಮ ಕೈಮುಗಿದು ಗೋಡೆಗೆ ಆತು ಅತ್ತನಂತೆ. ಗಿರಿಜ ನನ್ನ ಮಂಚದ ಹತ್ತಿರ ಬಂದು ಹೊದಿಕೆ ಸರಿಮಾಡಿ, ಮಗುವಿನ ಕಡೆ ಹೋದಳು.

ಹೋದ ಭಾನುವಾರ ಹೆಳವ ಬಂದಿದ್ದ. ಹರ್ಷಿತ ಅವನ ಮೊಪೆಡ್ ಹತ್ತಿ ಗಂಟೆ ಬಾರಿಸುತ್ತಿದ್ದಳು. ನಾನು ಪುಸ್ತಕ ಬಿಚ್ಚು ಎಂದೆ.

"ಮೊದ್ಲು ರತ್ನಿನ ಬರಿ. ಒಂಬತ್ತು ವರ್ಷ. ಕೊಳ ಗಿಳ ಬ್ಯಾಡ. ಉಚ್ಚೆ ಕಟ್ಟಿ, ಮೈ ಊದಿ ಸತ್ಲು."

ಗೊಣಗಿಕೊಂಡು ಬರೆದ. "ನಿಮ್ಮದು ನಾನು ಆಗಲೇ ಪದ ಕಟ್ಟಿವ್ನಿ ಅವ್ವ. ಕಿಡ್ನಿ ಕೊಟ್ಟ ವೀರಮಾತೆ ಅಂತ."

"ಅದಕ್ಕೂ ಮುಂಚೆ ಒಂದೈತೆ. ರತ್ನಿ ಹೆಂಗೆ ಸತ್ಲು ಅಂತ ಬಾಯಿ ಬಿಡ್ದೆ, ಓದ್ತೀನಿ ಅಂದ ಮಗಳ್ನ ಎಳ್ಕಂಬಂದು ತಮ್ಮಂಗೆ ಕಟ್ಟಿದ್ಲು. ಅದನ್ನ ಬರಿ."

ಹೆಳವನ ಪೆನ್ನು ನಿಂತಿತು. "ಇದ್ನ ಬಾಗ್ಲಲ್ಲಿ ನಿಂತು ಹೆಂಗವ್ವ ಹಾಡಾದು? ಯಾರು ಕೇಳ್ತಾರೆ?"

ಗಿರಿಜ ಹೊಸಿಲ ಹತ್ತಿರ ಮೊರದಲ್ಲಿ ಅವನಿಗೆ ಕೊಡುವ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಕೇಳ್ತೀನಿ," ಎಂದಳು. "ಹಾಡಿ."

ಹೆಳವ ಗಂಟಲು ಸರಿಮಾಡಿಕೊಂಡ. ನಾನು ಸೆರಗು ಹೊದ್ದು ಜಗುಲಿಯ ಮೇಲೆ ನೆಟ್ಟಗೆ ಕೂತೆ.