ಅಮ್ಮ ನೋಡದೇ ಉಳಿದ ದಿಕ್ಕು

ಎರಡನೇ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಮ್ಮ ಅಮ್ಮ ಮನೆಯವರೆಲ್ಲರ ಪ್ರಾಣ ತಿಂದಳು. ಮಾಡಿನ ಮೂಲೆಯ ಜೇಡರ ಬಲೆ ಕಂಡಿತು, ಬಾಣಲೆಯ ತಳದ ಮಸಿ ಕಂಡಿತು, ಕೊನೆಗೆ ನನ್ನ ತಲೆಯೂ ಕಂಡಿತು. "ನೀ ಯಾವಾಗ ಇಷ್ಟ್ ಮುದ್ಕಿ ಆದ್ದ್ ಹೆಣ್ಣೆ?" ಎಂದು ನಿಜವಾದ ಕಾಳಜಿಯಿಂದ ಕೇಳಿದಳು. ಕಣ್ಣು ಮಂಜಾಗಿದ್ದಾಗಲೇ ಲಾಯ್ಕಿತ್ತು ಎಂದು ನಾನು ಗೊಣಗಿದ್ದು ಅವಳಿಗೆ ಕೇಳಿಸಿತು. ಕಿವಿ ಮೊದಲಿಂದಲೂ ಚುರುಕು, ಅದಕ್ಕೆ ಯಾವ ಆಪರೇಷನ್ನೂ ಬೇಕಾಗಿಲ್ಲ.

ಹೀಗೆ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಒಂದು ಮಧ್ಯಾಹ್ನ, ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ ನನಗೂ ತಮ್ಮನಿಗೂ ಹೇಳಿದಳು: "ಕಣ್ಣ್ ಸಮಾ ಆಯ್ತಲೆ. ಇನ್ ನನ್ ಅಮ್ಮ ಇಪ್ಪಲ್ಲಿಗೆ ಹೋಯ್ಕ್."

ಅಮ್ಮನಿಗೆ ಎಂಬತ್ತರ ಆಸುಪಾಸು. ಅವಳ ಅಮ್ಮ, ಅಂದರೆ ನನ್ನ ಅಜ್ಜಿ, ಜ್ವರ ಬಂದು ತೀರಿಕೊಂಡಾಗ ಅಮ್ಮ ನಾಲ್ಕು ವರ್ಷದ ಮಗು. ಕಿರಿಮಂಜೇಶ್ವರದ ಕಡೆ ಅಜ್ಜಿಯ ತವರಿನ ಗದ್ದೆಯಲ್ಲೇ ಸುಟ್ಟದ್ದು. ನಮ್ಮ ಕಡೆ ಜಾಗ ಇದ್ದವರು ಸತ್ತವರನ್ನು ತಮ್ಮ ಗದ್ದೆಯ ಅಂಚಿನಲ್ಲೇ ಸುಟ್ಟು, ಆ ಜಾಗದಲ್ಲಿ ಮಣ್ಣು ಏರಿಸಿ ದಿಬ್ಬ ಮಾಡುತ್ತಿದ್ದರು. ಅದರ ಮೇಲೆ ಹೆಸರಿಲ್ಲ, ಬರೆಹವಿಲ್ಲ. ಮನೆಯವರಿಗೆ ಗೊತ್ತಿದ್ದರೆ ಸಾಕಿತ್ತು, ಮನೆಯವರು ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿದ್ದ ಕಾಲ ಅದು.

ಆದರೆ ಹೋದರು. ಅಜ್ಜಯ್ಯ ಮಗುವನ್ನು ಕರೆದುಕೊಂಡು ಬ್ರಹ್ಮಾವರದ ಕಡೆಯ ತಮ್ಮ ಮನೆ ಸೇರಿದರು, ಅಲ್ಲಿಗೆ ಅವರ ಎರಡನೇ ಹೆಂಡತಿಯಾಗಿ ಚಿಕ್ಕಮ್ಮ ಬಂದಳು. ಚಿಕ್ಕಮ್ಮ ಒಳ್ಳೆಯವಳು, ತಲೆ ಬಾಚಿ ಹೂ ಮುಡಿಸುತ್ತಿದ್ದಳು. ಆದರೆ ಹೋದವಳ ಸುದ್ದಿ ಮಾತ್ರ ಆ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ತವರಿನ ಗದ್ದೆ ಭೂಸುಧಾರಣೆಯ ಡಿಕ್ಲರೇಷನ್ನಿನಲ್ಲಿ ಒಕ್ಕಲಿನವರಿಗೆ ಹೋಯಿತು, ಮನೆ ಬಿದ್ದುಹೋಯಿತು, ಗೊತ್ತಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹೋದರು. ಅಜ್ಜಿಯ ಒಂದು ಫೋಟೋ ಇಲ್ಲ. ಅಮ್ಮನ ಪಾಲಿಗೆ ಅವಳ ಅಮ್ಮ ಎಂದರೆ ಆ ಒಂದು ಮಣ್ಣಿನ ದಿಬ್ಬ, ಅದನ್ನೂ ಅವಳು ಈವರೆಗೆ ನೋಡಿರಲಿಲ್ಲ.

ತಮ್ಮ ವ್ಯವಹಾರದ ಮನುಷ್ಯ. "ಸರ್ವೆ ನಂಬರ್ ಗೊತ್ತಿತ್ತಾ ಅಮ್ಮ?" ಎಂದು ಕೇಳಿದ.

"ಅಮ್ಮಂಗ್ ಎಂತ ನಂಬರಾ ಮಾರಾಯ?" ಎಂದಳು ಅಮ್ಮ. "ಅಲ್ಲಿಗ್ ಹೋರೆ ನಂಗ್ ಗೊತ್ತಾತ್ತ್."

ಮಳೆಗಾಲದಲ್ಲಿ ಆ ಗದ್ದೆಗಳಿಗೆ ಇಳಿಯುವಂತಿಲ್ಲ, ಬೇಸಗೆಯ ಬಿಸಿಲು ಅವಳಿಗೆ ಆಗುವುದಿಲ್ಲ. ಕೊಯ್ಲು ಮುಗಿದು, ಗದ್ದೆ ಒಣಗಿ, ಬೆಳಿಗ್ಗೆ ಒಂಚೂರು ಚಳಿ ಬೀಳುವ ಈ ಕಾಲವೇ ಸರಿ ಎಂದು ಒಂದು ಭಾನುವಾರ ಕುಂದಾಪುರದ ಮನೆಯಿಂದ ಹೊರಟೆವು. ತಮ್ಮ ಕಾರು ಬಿಟ್ಟ, ಪಕ್ಕದಲ್ಲಿ ಅಮ್ಮ, ಹಿಂದೆ ನಾನು ಮತ್ತು ತಮ್ಮನ ಹೆಂಡತಿ. ತಮ್ಮನ ಹೆಂಡತಿಯ ತೊಡೆಯ ಮೇಲೆ ಕೊಟ್ಟೆ ಕಡುಬಿನ ಡಬ್ಬಿ, ಅಮ್ಮನ ಮಡಿಲಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಚೆಂಡು. ಮುತ್ತೈದೆಯಾಗಿ ಹೋದವಳನ್ನು ಬರಿಗೈಯಲ್ಲಿ ನೋಡಲು ಹೋಗುವುದುಂಟೇ ಎಂಬುದು ಅಮ್ಮನ ವಾದ. ಹಿಂದಿನ ದಿನ ಆ ಹೂವಿಗಾಗಿ ನನ್ನನ್ನು ಇಡೀ ಪೇಟೆ ಸುತ್ತಿಸಿದ್ದಳು.

ಮರವಂತೆಯಲ್ಲಿ ತಮ್ಮನ ಹೆಂಡತಿಗೆ ಫೋಟೋ ಬೇಕಾಯಿತು. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ದಡದ ಕಲ್ಲುಗಳ ಮೇಲೆ ಆಗಲೇ ಪ್ರವಾಸಿಗರ ಜಾತ್ರೆ. ಅಮ್ಮ ಕಾರಿನಿಂದ ಇಳಿಯಲಿಲ್ಲ. ನಾನು ಚಾ ತಂದುಕೊಟ್ಟರೆ, "ನೀವೆಲ್ಲ ತಿರ್ಗುಕ್ ಬಂದದ್ದ್, ನಾನ್ ಕೆಲ್ಸಕ್ಕ್ ಬಂದದ್ದ್," ಎಂದಳು. ಹಾಗೆಂದು ಗೋಳಿಬಜೆ ಮಾತ್ರ ಬಿಡಲಿಲ್ಲ.

ಕಿರಿಮಂಜೇಶ್ವರದಲ್ಲಿ ಹೆದ್ದಾರಿ ಬಿಟ್ಟು ಒಳಗಿನ ದಾರಿ ಹಿಡಿದೆವು. ಅಜ್ಜಿಯ ತವರಿನ ಗುರುತೆಂದು ಅಮ್ಮ ಒಂದು ಹೊನ್ನೆ ಮರವನ್ನೂ, ಗದ್ದೆಯ ನಡುವೆ ಮಲಗಿದ ಎಮ್ಮೆಯಂಥ ಒಂದು ಕರಿ ಬಂಡೆಯನ್ನೂ ಸಿಕ್ಕಸಿಕ್ಕವರಲ್ಲಿ ವಿಚಾರಿಸುತ್ತಾ ಬಂದಳು. ಮರದ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ, ಬಂಡೆ ಮಾತ್ರ ಊರಿಗೆಲ್ಲ ಗೊತ್ತಿತ್ತು. ಕಾರು ನಿಲ್ಲಿಸಿ ಅಂಚಿನ ಮೇಲೆ ಅವಳನ್ನು ಕೈ ಹಿಡಿದು ನಡೆಸಿದೆವು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ, ನಮ್ಮ ಸೀರೆಯ ಅಂಚೆಲ್ಲ ಒದ್ದೆ. ಮೂಡು ದಿಕ್ಕಿನಲ್ಲಿ ಘಟ್ಟ ಇರಬೇಕಾದಲ್ಲಿ ಬರೀ ಮಂಜು.

ನೆಲಗಡಲೆಯ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ತಮ್ಮನ ಬಿಳಿ ಅಂಗಿ, ಕೈಯಲ್ಲಿನ ಫೋನು ಕಂಡು ಬ್ರೋಕರ್ ಎಂದೇ ತಿಳಿದಿರಬೇಕು. "ಹ್ವಾಯ್, ಎಂತ ಕಾಂತ್ರಿ? ಈ ಜಾಗ ಕೊಡುಕಿಲ್ಲೆ," ಎಂದು ಅಲ್ಲಿಂದಲೇ ಕೂಗಿದಳು.

"ಜಾಗ ಬೇಡ ಮಗಾ," ಎಂದಳು ಅಮ್ಮ. "ನನ್ ಅಮ್ಮನ್ ಹುಡ್ಕಂಡ್ ಬಂದದ್ದ್."

ಆ ಹೆಂಗಸು ಅಮ್ಮನ ಬಾಗಿದ ಬೆನ್ನು ನೋಡಿದಳು, ಬಿಳಿ ತಲೆ ನೋಡಿದಳು. "ನಿಮ್ ಅಮ್ಮ ಈಗಳೂ ಇದ್ರಾ?" ಎಂದು ಕೇಳಿದಳು. ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಾನೂ ನಕ್ಕೆ. ವಿಷಯ ತಿಳಿದ ಮೇಲೆ ಆ ಹೆಂಗಸು ಕತ್ತಿ ಬದಿಗಿಟ್ಟು ನಮ್ಮ ಜೊತೆಯೇ ಹೊರಟಳು. ಗದ್ದೆಯ ಪಡುವಣ ಅಂಚಿನಲ್ಲಿ ದಿಬ್ಬ ಇರುವುದು ನಿಜ ಎಂದಳು. ಆದರೆ ಒಂದಲ್ಲ.

"ಮೂರಿತ್ತ್ ಅಮ್ಮ. ಯಾವ್ದ್ ಯಾರದ್ದ್ ಅಂದೇಳಿ ನಮ್ಗೂ ಗೊತ್ತಿಲ್ಲೆ. ಅಲ್ಲಿ ಹೂಡ್ಬೇಡಿ ಅಂದೇಳಿ ಮಾವ ಹೇಳಿದ್ರ್, ನಾವ್ ಹೂಡ್ಲಿಲ್ಲ."

ಮೂರೂ ಹೆಚ್ಚುಕಡಿಮೆ ಒಂದೇ ಥರ. ಅಂಚಿನುದ್ದಕ್ಕೆ ಒಂದರಿಂದ ಒಂದು ದೂರದಲ್ಲಿ, ಮೊಣಕಾಲೆತ್ತರದ ಮಣ್ಣು, ಮೇಲೆ ಹುಲ್ಲು. ಹೊನ್ನೆ ಮರದ ಸುಳಿವೇ ಇಲ್ಲ. ತಮ್ಮ ಮೂರನ್ನೂ ಸುತ್ತಿ ಬಂದು ನಡುವಿನದರ ಮುಂದೆ ನಿಂತ. "ಇದೇ ದೊಡ್ಡದ್, ಇದೇ ಇರ್ಕ್. ಹೂವಿಡ್ ಅಮ್ಮ," ಎಂದ. ಗ್ಯಾಸ್ ಸಿಲಿಂಡರ್ ಆಯ್ದುಕೊಂಡ ಹಾಗೆ. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಅವಸರವಿದ್ದರೆ ಕಾರಿನಲ್ಲೇ ಕೂತಿರು ಎಂದು ಬೈದೆ. ತಮ್ಮನ ಹೆಂಡತಿ ಮೂರಕ್ಕೂ ಹೂ ಹಂಚಿಬಿಡೋಣ ಎಂದಳು. ಮಾತು ಸಮಾಧಾನದ್ದೇ, ಆದರೆ ಅಮ್ಮ ತಲೆಯಾಡಿಸಿದಳು. ಜೀವಮಾನವಿಡೀ ಎಲ್ಲರಿಗೂ ಹಂಚಿಯೇ ತಿಂದವಳು, ಇದೊಂದನ್ನು ಹಂಚಲು ಅವಳಿಗೆ ಮನಸ್ಸಿರಲಿಲ್ಲ.

ನಾವು ಹೀಗೆ ಜಗಳ ಮಾಡುತ್ತಿರುವಾಗ ಅಮ್ಮ ದಿಬ್ಬಗಳಿಗೆ ಬೆನ್ನು ಹಾಕಿ ಮೂಡು ದಿಕ್ಕಿಗೆ ನಿಂತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು. "ದಿಬ್ಬ ಇಲ್ಲಿತ್ತ್ ಅಮ್ಮ, ನೀ ಎಲ್ಲಿ ಕಾಂತೆ?"

ಅವಳು ತಿರುಗದೆಯೇ ಹೇಳಿದಳು. ಆವತ್ತು ಅಮ್ಮನ ದೊಡ್ಡಮ್ಮ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು, ಈ ಅಂಚಿಗೇ ತಾಗಿದ್ದ ಅಂಗಳದ ತುದಿಯಲ್ಲಿ ನಿಂತಿದ್ದಳಂತೆ. ಗಂಡಸರು ಚಿತೆಗೆ ಬೆಂಕಿ ಕೊಡುವಾಗ ಮಗು ನೋಡಬಾರದೆಂದು, ಮಗುವಿನ ಮುಖವನ್ನು ತನ್ನ ಹೆಗಲಿನಾಚೆಗೆ ತಿರುಗಿಸಿ ತಲೆಯನ್ನು ಒತ್ತಿ ಹಿಡಿದಿದ್ದಳಂತೆ. ಬೆಂಕಿಯ ಶಬ್ದ ಬೆನ್ನ ಹಿಂದೆ ಕೇಳುತ್ತಿತ್ತು. ಕಣ್ಣ ಮುಂದೆ ಇದ್ದದ್ದು ಬಂಡೆ, ಬಂಡೆಯ ಕುತ್ತಿಗೆಯ ಮೇಲೆ ಸರಿಯಾಗಿ ಕೂತ ಒಂದು ಗುಡ್ಡದ ತುದಿ.

"ನಂಗ್ ಅಮ್ಮ ಇಪ್ಪ ಜಾಗ ಗೊತ್ತಿಲ್ಲೆ," ಎಂದಳು ಅಮ್ಮ. "ಅದ್ರ ಎದ್ರಂಗ್ ಎಂತ ಇತ್ತ್ ಅಂಬುದ್ ಮಾತ್ರ ಗೊತ್ತಿತ್ತ್."

ಇದನ್ನು ಅವಳು ನಮಗೆ ಯಾವತ್ತೂ ಹೇಳಿರಲಿಲ್ಲ. ಎಷ್ಟೋ ಸಲ ಅದೇ ಹೆದ್ದಾರಿಯಲ್ಲಿ ಹೋಗಿ ಬಂದಿದ್ದೇವೆ, ಕಿಟಕಿಯಿಂದ ಘಟ್ಟ ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದಳು. ಕಾಂಬುಕೆ ಚೆಂದ ಎಂದು ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಮಂಜು ಸರಿದು ಆ ಗುಡ್ಡ ಕಾಣುವ ತನಕ ಕಾಯುವುದಲ್ಲದೆ ಬೇರೆ ದಾರಿ ಇರಲಿಲ್ಲ. ಆ ಹೆಂಗಸು ಮನೆಯಿಂದ ಚಾಪೆ ತಂದು ಹಾಸಿದಳು, ತಮ್ಮ ಹೋಗಿ ಕಾರಿನಿಂದ ನೀರು ತಂದ. ಬಿಸಿಲು ಏರಿದಂತೆ ಮಂಜು ಕೆಳಗಿಂದ ಕರಗತೊಡಗಿತು. ಮೊದಲು ತೋಟದ ತಲೆಗಳು, ಆಮೇಲೆ ಘಟ್ಟದ ಸಾಲು, ಅದರಲ್ಲಿ ಉಳಿದವಕ್ಕಿಂತ ಚೂಪಾದ ಒಂದು ತುದಿ. ಅಮ್ಮ ಎದ್ದಳು. ಅದರಿಂದ ಕಣ್ಣು ಕದಲಿಸದೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಹೊರಟಳು. ಅವಳು ತೆಂಕಕ್ಕೆ ಹೋದರೆ ಗುಡ್ಡ ಎಮ್ಮೆಯ ಬೆನ್ನಿನ ಮೇಲೆ ಸರಿಯುತ್ತಿತ್ತು, ಬಡಗಕ್ಕೆ ಬಂದರೆ ತಲೆಯ ಕಡೆಗೆ. ನಾನು ಮೊಣಕೈ ಹಿಡಿದು ಜೊತೆಗೇ ಅಡ್ಡಡ್ಡ ನಡೆದೆ. ಯಾರಾದರೂ ನೋಡಿದ್ದರೆ ಏಡಿ ಹಿಡಿಯಲು ಬಂದವರೆಂದುಕೊಳ್ಳುತ್ತಿದ್ದರು.

ಬಡಗಣ ತುದಿಯ ದಿಬ್ಬದ ಮುಂದೆ ಅವಳು ನಿಂತಳು. ನನಗೆ ಅಲ್ಲಿಂದ ಅರ್ಧ ಗುಡ್ಡ ಕಾಣುತ್ತಿತ್ತು, ಲೆಕ್ಕ ಕೂಡಲಿಲ್ಲ. ಅವಳ ಎತ್ತರಕ್ಕೆ ಬಗ್ಗಿ ನೋಡಿದೆ. ತುದಿಯೊಂದೇ, ಬಂಡೆಯ ಕುತ್ತಿಗೆಯ ಮೇಲೆ, ಯಾರೋ ಇಟ್ಟ ಹಾಗೆ. ಮುದಿತನ ಅವಳನ್ನು ಬಗ್ಗಿಸಿ ಬಗ್ಗಿಸಿ, ದೊಡ್ಡಮ್ಮನ ಸೊಂಟದ ಮೇಲಿನ ಮಗುವಿನ ಎತ್ತರಕ್ಕೇ ತಂದು ನಿಲ್ಲಿಸಿತ್ತು.

"ಇದೇ," ಎಂದಳು.

ಅವಳ ಬೆನ್ನ ಹಿಂದೆ ಆ ದಿಬ್ಬ, ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕದು. ಅದರ ಮೇಲೆಲ್ಲ ತುಂಬೆ ಗಿಡ, ಬಿಳಿ ಹೂವು. ನನಗೆ ಕಾಣುತ್ತಿತ್ತು, ಅವಳಿಗೆ ಇಲ್ಲ. ಇನ್ನು ತಿರುಗುತ್ತಾಳೆ ಎಂದು ಕಾದೆ. ಅವಳು ಮಲ್ಲಿಗೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಗುಡ್ಡವನ್ನೇ ನೋಡುತ್ತಾ ನಿಂತಿದ್ದಳು.

"ಹೆಣ್ಣೆ," ಎಂದಳು, "ಈಗ ತಿರ್ಗ್ಲಕ್ಕಾ?"

ನಮ್ಮ ಅಮ್ಮ ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಮದುವೆ ಮಾಡಿಸುವಾಗ ನಮ್ಮನ್ನು ಕೇಳಲಿಲ್ಲ, ದನದ ಹಟ್ಟಿ ಕೆಡವಿಸುವಾಗ ಅಪ್ಪಯ್ಯನನ್ನು ಕೇಳಲಿಲ್ಲ, ಆಪರೇಷನ್ ಟೇಬಲ್ಲಿನ ಮೇಲೆ ಡಾಕ್ಟರರನ್ನೇ ಗದರಿಸಿದವಳು. ಅವಳು ನನ್ನನ್ನು ಕೇಳುತ್ತಿದ್ದಳು. ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸಿತು, ನಿಜವಾಗಿಯೂ ಸೊಂಟದ ಮೇಲೆ ಎತ್ತಿಕೊಳ್ಳಬೇಕು ಅಂತ.

"ತಿರ್ಗ್ ಅಮ್ಮ. ನಾನಿದ್ದೆ," ಎಂದೆ.

ತಿರುಗಿದಳು. ಬಹಳ ಹೊತ್ತು ನೋಡಿದಳು. ಆ ಹೊಸ ಕಣ್ಣುಗಳಿಂದ ಒಂದೊಂದೇ ತುಂಬೆ ಹೂವನ್ನು ನೋಡಿದಳು ಅನ್ನಿಸುತ್ತದೆ. ಆಮೇಲೆ ನನ್ನ ಕೈ ಬಿಡಿಸಿಕೊಂಡು, ಮೆಲ್ಲಗೆ ಕೂತು, ಎಡಗೈಯನ್ನು ಮಣ್ಣಿನ ಮೇಲಿಟ್ಟಳು.

"ಇಷ್ಟ್ ವರ್ಷ ನಂಗೆ ಇದ್ ಉರಿತಾನೇ ಇತ್ತ್ ಹೆಣ್ಣೆ," ಎಂದಳು. "ಆರಿದ್ದ್ ನಾನ್ ಕಾಣ್ಲಿಲ್ಲ ಅಲ್ದಾ."

ಅಂಗೈಯನ್ನು ಅಲ್ಲಿಂದ ಸ್ವಲ್ಪ ಪಕ್ಕಕ್ಕೆ, ಮತ್ತೂ ಸ್ವಲ್ಪ ಪಕ್ಕಕ್ಕೆ ಇಟ್ಟು ನೋಡಿದಳು, ಮಗುವಿನ ಜ್ವರ ನೋಡುವ ಹಾಗೆ.

"ತಣ್ಣಗಿತ್ತ್," ಎಂದಳು. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟಳು.