ಆನೆಯೆದುರು ಆಫ್ ಮಾಡಿದ ಜೀಪು

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಯಳಂದೂರಿನ ಸುತ್ತಮುತ್ತ ಕೆಲವರು ನನ್ನನ್ನು ಗಂಡೆದೆಯವನು ಅಂದುಕೊಂಡಿದ್ದ ಕಾಲವೊಂದಿತ್ತು. ಬಿಳಿಗಿರಿರಂಗನ ಬೆಟ್ಟಕ್ಕೆ ಇಪ್ಪತ್ತು ವರ್ಷ ಜೀಪು ಓಡಿಸಿದ್ದೇನೆ. ಒಂದು ದಿನವೂ ಹೆದರದೆ ಹತ್ತಿದವನಲ್ಲ.

ಕೊರೊನಾ ಬಂದು ಪ್ರವಾಸಿಗರು ನಿಂತುಹೋದಾಗ ಜೀಪನ್ನು ಮನೆ ಹಿಂದೆ ಹುಣಸೆಮರದ ಕೆಳಗೆ ನಿಲ್ಲಿಸಿದೆ. ಎರಡನೇ ಅಲೆ ಮುಗಿಯುವ ಹೊತ್ತಿಗೆ ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಅಷ್ಟು ದಿನವೂ ನಾನು ಅವರಿವರ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದೆ. ಮತ್ತೆ ಜನ ಬೆಟ್ಟಕ್ಕೆ ಬರಬಹುದು ಅಂತಾದಾಗ ಯಳಂದೂರಿನಲ್ಲಿ ಒಂದು ಮೀಟಿಂಗ್ ಕರೆದರು. ಜೀಪಿನವರು, ಹೋಟೆಲಿನವರು, ಮನೆಯಲ್ಲಿ ಅತಿಥಿಗಳನ್ನು ಉಳಿಸಿಕೊಳ್ಳುವವರು, ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತೆವು. ಪ್ರವಾಸೋದ್ಯಮ ಇಲಾಖೆಯಿಂದ ಬಂದಿದ್ದ ಸಾಹೇಬರು ಒಂದೇ ಮಾತನ್ನು ಮೂರು ಸಲ ಹೇಳಿದರು.

"ಜನ ಈಗಾಗಲೇ ಹೆದರಿ ಮನೆ ಸೇರಿದ್ದಾರೆ. ನೀವು ಇನ್ನೊಂದು ಹೆದರಿಕೆ ಹುಟ್ಟಿಸಬೇಡಿ. ನಗುನಗುತ್ತಾ ಕರ್ಕೊಂಡು ಹೋಗಿ, ನಗುನಗುತ್ತಾ ಬಿಟ್ಟು ಬನ್ನಿ."

ಹೆದರಿಕೊಂಡೇ ಅನ್ನ ತಿಂದವನಿಗೆ ಇದೆಷ್ಟು ಕಷ್ಟದ ಕೆಲಸ ಅಂತ ಅವರಿಗೇನು ಗೊತ್ತು!

ಜೀಪಿನ ಬ್ಯಾಟರಿ ಸತ್ತಿತ್ತು. ಅಂಗಡಿಯವನು ಚಾರ್ಜ್ ಮಾಡಿ ಕೊಡುತ್ತಾ, "ಆಫ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಯ್ತದೆ ಅಂತ ನಂಬ್ಕಬ್ಯಾಡಿ ಕಣಣ್ಣ. ಬ್ಯಾರೆ ಆಕ್ಸಿ," ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಹಳೇ ಜೀಪಿನವರೆಲ್ಲ ಇಳಿಜಾರು ನೋಡಿಯೇ ಗಾಡಿ ನಿಲ್ಲಿಸುವುದು. ಉರುಳಲು ಬಿಟ್ಟು ಕ್ಲಚ್ ಬಿಟ್ಟರೆ ಗಾಡಿ ಸ್ಟಾರ್ಟ್ ಆಗುತ್ತದೆ, ಅಷ್ಟು ಸಾಕು ಅಂದುಕೊಂಡೆ.

ಮೊದಲು ಬಂದವರು ಮೈಸೂರಿನ ಒಂದು ಕುಟುಂಬ. ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಜನ ಓಡಾಡದೆ ರಸ್ತೆಯ ಎರಡೂ ಕಡೆ ಲಂಟಾನ ಬೆಳೆದು ಜೀಪಿನ ಮೈ ಸವರುತ್ತಿತ್ತು. ಎಲ್ಲಿ ನೋಡಿದರೂ ಲದ್ದಿ. ನಾವಿಲ್ಲದ ಒಂದೂವರೆ ವರ್ಷದಲ್ಲಿ ಆನೆಗಳು ರಸ್ತೆಯನ್ನು ತಮ್ಮದೇ ಅಂದುಕೊಂಡಿದ್ದವು. ಪ್ರತಿ ತಿರುವಿನಲ್ಲೂ ಗೇರು ಇಳಿಸಿ, ಇಣುಕಿ ನೋಡಿಯೇ ಮುಂದೆ ಹೋದೆ. ಆದರೂ ನಗುತ್ತಾ ಅದು ಹೊನ್ನೆ, ಇದು ಬೀಟೆ ಅಂತ ಮರ ತೋರಿಸಿದೆ.

ಒಂದು ತಿರುವು ದಾಟಿದರೆ, ಇಪ್ಪತ್ತು ಮಾರು ಮುಂದೆ ಒಂಟಿ ಸಲಗ.

ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಬಿದಿರು ಹೇರುತ್ತಿದ್ದ ಕಾಲದಿಂದಲೂ ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಆನೆ ಎದುರಾದರೆ ಗಣಪ ಬಂದ ಅನ್ನಬೇಕು, ಗಾಡಿ ನಿಲ್ಲಿಸಬೇಕು, ಸದ್ದು ಮಾಡದೆ ಕೈ ಮುಗಿಯಬೇಕು. ಜೀಪು ಬಂದ ಮೇಲೆ ನಾನು ಅದಕ್ಕೆ ಎಂಜಿನ್ ಆಫ್ ಮಾಡುವುದನ್ನೂ ಸೇರಿಸಿಕೊಂಡಿದ್ದೆ. ಅವತ್ತು ಕೈ ತಾನಾಗಿ ಕೀಲಿಗೆ ಹೋಯಿತು. ಎಂಜಿನ್ ನಿಂತಿತು. ನಿಂತ ಮೇಲೆ ಅಂಗಡಿಯವನ ಮಾತು ನೆನಪಾಯಿತು.

ಕೈ ಮುಗಿದೆ. ಹಿಂದಿನಿಂದ ಆ ತಾಯಿ ಪಿಸುಗುಟ್ಟಿದರು: "ಎಷ್ಟು ಚೆನ್ನಾಗಿದೆ ರೀ ಇದು, ವಿಡಿಯೊ ಮಾಡ್ಕೊಳ್ಳಿ."

ಕಿವಿ ಬೀಸುತ್ತಾ ನಿಂತ ಆನೆಗೆ ನಾನು ಅಷ್ಟಾಗಿ ಹೆದರುವುದಿಲ್ಲ. ಇದರ ಕಿವಿ ಅಲ್ಲಾಡದೆ ನಿಂತಿತ್ತು, ನುಗ್ಗುವ ಮುಂಚಿನ ಲಕ್ಷಣ ಅದು. ಒಂದು ಹೆಜ್ಜೆ ಮುಂದಿಟ್ಟಿತು. ಕೀಲಿ ತಿರುಗಿಸಿದೆ. ಟಕ್ ಅಂದಿತು, ಅಷ್ಟೇ. ಇನ್ನೊಂದು ಸಲ ತಿರುಗಿಸಿದರೆ ಆ ಟಕ್ ಕೂಡ ಇಲ್ಲ. ಜೀಪಿಗೆ ಬಾಗಿಲಿರಲಿಲ್ಲ. ಆ ಮಗು ಅಂಚಿನಲ್ಲೇ ಕೂತಿತ್ತು.

"ಅಮ್ಮಾ, ಅಂಕಲ್ ಕೈ ನಡುಗ್ತಿದೆ."

"ಭಕ್ತಿ ಪುಟ್ಟಿ ಅದು."

ಮಾಸ್ಕ್ ಇದ್ದದ್ದಕ್ಕೆ ನನ್ನ ಮುಖ ಅವರಿಗೆ ಕಾಣಲಿಲ್ಲ. ಈ ಮಗುವಿಗೆ ಏನಾದರೂ ಆದರೆ ನಾನು ಬದುಕಿ ಉಳಿಯುವುದೇ ಬೇಡ ಅನ್ನಿಸಿತು. ಉಳಿದದ್ದು ಒಂದೇ ದಾರಿ. ಏರಿನಲ್ಲಿ ನಿಂತಿದ್ದ ಗಾಡಿ, ಬ್ರೇಕ್ ಬಿಟ್ಟರೆ ಹಿಂದಕ್ಕೆ ಉರುಳುತ್ತದೆ. ಹಿಂದೆ ತಿರುವು, ತಿರುವಿನ ಪಕ್ಕ ಕಂದಕ. ರಿವರ್ಸ್ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದು, ಬ್ರೇಕ್ ಬಿಟ್ಟೆ. ಕಂದಕದ ಕಡೆ ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಜಗ್ಗಿ, ಕೆಮ್ಮಿ, ಸ್ಟಾರ್ಟ್ ಆಯಿತು. ತಿರುವಿನವರೆಗೂ ಹಿಂದಕ್ಕೇ ಓಡಿಸಿದೆ. ಸಲಗ ನಮ್ಮನ್ನು ಒಂದಷ್ಟು ಹೊತ್ತು ನೋಡಿ ಬಿದಿರಿನೊಳಗೆ ಹೋಯಿತು.

ಇಳಿಯುವಾಗ ಆ ಯಜಮಾನರು ನನ್ನ ಕೈ ಕುಲುಕಿ, "ಏನು ಧೈರ್ಯ ನಿಮ್ಮದು!" ಅಂದರು. ನಾನು ನಕ್ಕೆ. ನಗಬೇಕು ಅಂತ ಹೇಳಿದ್ದರಲ್ಲ. ಅವರು ಹೋದ ಮೇಲೆ ಜೀಪಿನ ಮರೆಗೆ ಹೋಗಿ ವಾಂತಿ ಮಾಡಿಕೊಂಡೆ.

ಅವರು ಹಾಕಿದ ವಿಡಿಯೊ ಊರೂರು ಸುತ್ತಿತು. ಕೊಳ್ಳೇಗಾಲದಲ್ಲಿ ಚಹಾ ಕುಡಿಯಲು ನಿಂತರೆ ಜೀಪಿನ ಗುರುತು ಹಿಡಿದು ಮಾತಾಡಿಸುವವರು ಹುಟ್ಟಿಕೊಂಡರು. "ಆನೆ ಮುಂದೆ ಆಫ್ ಮಾಡಿ ಕೈ ಮುಗೀತಾರಲ್ಲ, ಅವರ ಗಾಡಿನೇ ಬೇಕು" ಅಂತ ಫೋನು. ಬೆಟ್ಟದ ಹೋಟೆಲಿನವರ ಮುಖದಲ್ಲೂ ಕಳೆ ಬಂತು. ನಾನು ಹೊಸ ಬ್ಯಾಟರಿ ಹಾಕಿಸಿದೆ, ಬಾಯಿಗೆ ಬೀಗ ಹಾಕಿಕೊಂಡೆ. ನನ್ನೊಬ್ಬನ ಸುಳ್ಳಿನಿಂದ ನಾಲ್ಕು ಮನೆ ಉಸಿರಾಡುತ್ತಿದ್ದರೆ ತಪ್ಪೇನು ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ನನ್ನನ್ನು ಎದ್ದು ನಿಲ್ಲಿಸಿದರು. "ಇವರನ್ನು ನೋಡಿ ಎಲ್ಲ ಡ್ರೈವರುಗಳೂ ಕಲೀಬೇಕು." ಚಪ್ಪಾಳೆ ಬಿತ್ತು. ಆಗ ಪಕ್ಕದಲ್ಲಿದ್ದ ಡ್ರೈವರು, ನನ್ನ ವಯಸ್ಸಿನವನೇ, ಎರಡು ಹೆಣ್ಣುಮಕ್ಕಳ ತಂದೆ, ನನ್ನ ತೋಳು ತಟ್ಟಿದ.

"ನಾನೂ ನೆನ್ನೆ ಅಂಗೇ ಮಾಡ್ದೆ ಕಣಣ್ಣ. ಮರಿ ಆನೆ ಜೊತೆ ಇತ್ತು. ಆಫ್ ಮಾಡಿ, ಇಳ್ದೋಗಿ ಕೈ ಮುಗ್ದು ಬಂದೆ. ಗಾಡೀಲಿದ್ದವ್ರೆಲ್ಲ ವಿಡಿಯೊ ತಕಂಡ್ರು."

ಮರಿಯಿರುವ ಹೆಣ್ಣಾನೆ! ಇಳಿದು ಹೋಗಿದ್ದಾನೆ! ನಾನು ಸಾಹೇಬರ ಕಡೆ ತಿರುಗಿದೆ.

"ಸಾ," ಅಂದೆ. "ಅವತ್ತು ಬ್ಯಾಟ್ರಿ ಓಗಿತ್ತು ಸಾ. ಆಫ್ ಮಾಡಿದ್ದೇ ತಪ್ಪು. ಆ ಮಗೀನ ಸಾಯಿಸ್ಬುಡ್ತಿದ್ದೆ. ಇನ್ಯಾರೂ ಅಂಗ್ ಮಾಡ್ಬಾರ್ದು."

ಯಾರೋ ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. "ಈ ಮಾತು ಹೊರಗೆ ಹೋದರೆ ಯಾರ್ರೀ ಬರ್ತಾರೆ?" ಅಂದರು.

"ಬರ್ದೇ ಓದ್ರೆ ಕೂಲಿಗೆ ಓಯ್ತೀನಿ ಸಾ."

ನನ್ನ ಪಕ್ಕದವನು ಕೈಯಲ್ಲಿದ್ದ ಟೀ ಲೋಟವನ್ನು ನೆಲಕ್ಕಿಡಲು ಹೋದ. ಇಡಲು ಆಗಲಿಲ್ಲ, ಟೀ ಎಲ್ಲ ಅವನ ಪಂಚೆಯ ಮೇಲೆ ಚೆಲ್ಲಿತು. ಬಿಸಿಯಾಗಿದ್ದರೂ ಅವನಿಗೆ ಗೊತ್ತಾಗಲಿಲ್ಲ.

"ಅಣ್ಣ," ಅಂದ, "ನಂಗೂ ಬಾಳ ಭಯ ಆಗಿತ್ತು. ನಿಂಗೆ ಆಗ್ನಿಲ್ವಲ್ಲ ಅಂತ ಇಳ್ದೆ."